ಅಭಿಮಾನಿ ಗಿರಾಕಿಯಲ್ಲ

'ಅಭಿಮಾನ' ಎಂಬುದು ವಿಚಿತ್ರವಾದ ಪದ. ಸಂಸ್ಕೃತದಲ್ಲಿ ಅದಕ್ಕೆ ಗರ್ವ, ಅಹಂಕಾರ, ನಾನೆಂಬ ಭಾವ ಎಂದೆಲ್ಲ ಅರ್ಥ. ಕನ್ನಡಕ್ಕೆ ಬರುವಾಗ ಅದು ಮೆತ್ತಗಾಯಿತು. ತನ್ನ ಮೇಲಿನ ಹೆಮ್ಮೆ ಇನ್ನೊಬ್ಬರ ಮೇಲಿನ ಪ್ರೀತಿಯಾಯಿತು. ಡಾ. ರಾಜ್‌ಕುಮಾರ್ ಅವರು ತಮ್ಮ ಪ್ರೇಕ್ಷಕರನ್ನು 'ಅಭಿಮಾನಿ ದೇವರುಗಳು' ಎಂದು ಕರೆದು ಆ ಪದವನ್ನು ಗರ್ಭಗುಡಿಯವರೆಗೂ ಕೊಂಡೊಯ್ದರು. ಈಗ ಅದೇ ಪದ ಗರ್ಭಗುಡಿಯಿಂದ ಇಳಿದು ಅಂಗಡಿಯ ಕಟ್ಟೆಯ ಮೇಲೆ ಬಂದು ಕುಳಿತಿದೆ. ಎಷ್ಟು ಬೆಲೆ ಹೇಳಿದರೂ ಮರುಮಾತಾಡದೆ ಕೊಳ್ಳುವವನೇ ಅಭಿಮಾನಿ ಎಂದು ತಿಳಿಯುವವರು ಹೆಚ್ಚಿದ್ದಾರೆ. ಅಭಿಮಾನಿ ದೇವರೂ ಅಲ್ಲ, ಗಿರಾಕಿಯೂ ಅಲ್ಲ ಎಂಬುದು ನನ್ನ ವಾದ. ಅವನು ತಾನು ಮೆಚ್ಚಿದ ಕಲೆಯ ಪಾಲುಗಾರ. ಪಾಲುಗಾರನಿಗಿರುವ ಹಕ್ಕೂ ಹೊಣೆಯೂ ಅವನಿಗಿವೆ. ಅಮೆರಿಕದ ಒಂದು ಹಳೆಯ ರಾಕ್ ಸಂಗೀತ ತಂಡದ ನಿದರ್ಶನದಿಂದ ಇದನ್ನು ಸಾಧಿಸಿ ತೋರಿಸುವುದು ಈ ಬರಹದ ಉದ್ದೇಶ.

ಆ ತಂಡದ ಹೆಸರು ಗ್ರೇಟ್‌ಫುಲ್ ಡೆಡ್. ನಾನು ಅದರ ಅಭಿಮಾನಿಯೆಂಬುದು ನನ್ನನ್ನು ಬಲ್ಲವರಿಗೆ ಹೊಸ ಸುದ್ದಿಯಲ್ಲ. ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವನಿಗೆ ಈ ಹುಚ್ಚು ಹೇಗೆ ಹಿಡಿಯಿತೆಂದು ಕೇಳುವವರಲ್ಲಿ ಎರಡು ಬಗೆ. ನನ್ನ ಓರಗೆಯವರು, "ಮಾಸ್ಟ್ರೇ, ನಮ್ಮ ಸಂಗೀತಕ್ಕೇನು ಬರ ಬಂದಿದೆಯೆ? ಆ ಉದ್ದಗೂದಲಿನವರ ಗದ್ದಲದಲ್ಲಿ ನಿಮಗೆ ಕಂಡದ್ದಾದರೂ ಏನು?" ಎನ್ನುತ್ತಾರೆ. ಕಿರಿಯರ ಪ್ರಶ್ನೆ ಬೇರೆ. ಹಳೆಯ ಶಿಷ್ಯನೊಬ್ಬ ಈಚೆಗೆ ಕೇಳಿದ: "ಸಾರ್, ನೀವು ಅವರ ಒಂದು ಕಾರ್ಯಕ್ರಮಕ್ಕೂ ಹೋದವರಲ್ಲ, ಒಂದು ಡಿಸ್ಕ್ ಕೊಂಡವರಲ್ಲ, ಅವರ ಹೆಸರಿನ ಒಂದು ಟೀ ಶರ್ಟ್ ಕೂಡ ನಿಮ್ಮಲ್ಲಿಲ್ಲ. ಮತ್ತೆ ನೀವು ಅಭಿಮಾನಿ ಹೇಗೆ?" ಮೊದಲ ಪ್ರಶ್ನೆಗೆ ಉತ್ತರ ಸುಲಭ. ಎರಡನೆಯದು ನಮ್ಮ ಕಾಲದ ರೋಗಲಕ್ಷಣ. ಅದಕ್ಕೆ ಉತ್ತರ ತುಸು ದೀರ್ಘವಾದೀತು.

ತಂಡದ ಪರಿಚಯವಿಲ್ಲದವರಿಗಾಗಿ ನಾಲ್ಕು ಮಾತು. 1965ರಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ರೂಪುಗೊಂಡ ತಂಡವಿದು. ಜೆರ್ರಿ ಗಾರ್ಸಿಯಾ, ಬಾಬ್ ವಿಯರ್, ಫಿಲ್ ಲೆಶ್, ಬಿಲ್ ಕ್ರಾಯ್ಟ್ಸ್‌ಮನ್ ಮತ್ತು 'ಪಿಗ್‌ಪೆನ್' ಎಂಬ ಅಡ್ಡಹೆಸರಿನ ರಾನ್ ಮೆಕರ್ನನ್ ಮೊದಲ ಐವರು. 1967ರಲ್ಲಿ ಮಿಕ್ಕಿ ಹಾರ್ಟ್ ಎರಡನೆಯ ಡ್ರಮ್ ವಾದಕರಾಗಿ ಸೇರಿದರು. 1995ರ ಆಗಸ್ಟ್ 9ರಂದು ಗಾರ್ಸಿಯಾ ತೀರಿಕೊಂಡ ಮೇಲೆ ಉಳಿದವರು ಆ ಹೆಸರನ್ನು ಕೈಬಿಟ್ಟರು. ನಡುವಣ ಮೂವತ್ತು ವರ್ಷಗಳಲ್ಲಿ ಅವರು ಕೊಟ್ಟ ಕಛೇರಿಗಳು ಸುಮಾರು 2,300. ನುಡಿಸಿದ ಹಾಡುಗಳು ನಾನೂರಕ್ಕೂ ಹೆಚ್ಚು. ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಹತ್ತರೊಳಗೆ ಬಂದದ್ದು ಮಾತ್ರ ಒಂದೇ ಒಂದು: 'ಟಚ್ ಆಫ್ ಗ್ರೇ'. ಅದೂ 1987ರಲ್ಲಿ, ಒಂಬತ್ತನೆಯ ಸ್ಥಾನಕ್ಕೆ. ಪೇಟೆಯ ಅಳತೆಗೋಲಿನಲ್ಲಿ ಅಳೆದರೆ ಇದು ಸೋತ ತಂಡ. ಆದರೂ ಅವರ ಹಿಂದೆ ಊರಿಂದೂರಿಗೆ ಹೋಗುವ ಜನರ ಒಂದು ದೊಡ್ಡ ಸಮುದಾಯವೇ ಹುಟ್ಟಿತು. 'ಡೆಡ್‌ಹೆಡ್' ಎಂದು ಅವರನ್ನು ಕರೆದರು.

ನನ್ನ ರುಚಿಯನ್ನು ಆಕ್ಷೇಪಿಸುವವರಲ್ಲಿ ಹೆಚ್ಚಿನವರು ನಮ್ಮ ಕರಾವಳಿಯವರೇ ಎಂಬುದು ನನಗೆ ತಮಾಷೆಯಾಗಿ ಕಾಣುತ್ತದೆ. ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟರೆ ಪತ್ತನಾಜೆಯವರೆಗೆ ಊರೂರು ಸುತ್ತಿ ಆಟ ನೋಡಿದವರಿವರು. ನಿನ್ನೆ ನೋಡಿದ ಪ್ರಸಂಗವನ್ನೇ ಇಂದು ಐದು ಮೈಲಿ ನಡೆದು ಇನ್ನೊಂದು ಗದ್ದೆಯಲ್ಲಿ ಕುಳಿತು ನೋಡಿದವರು. ಏಕೆಂದು ಕೇಳಿದರೆ, "ನಿನ್ನೆಯ ಅರ್ಥ ಬೇರೆ, ಇಂದಿನ ಅರ್ಥ ಬೇರೆ, ಭಾಗವತರು ನಿನ್ನೆ ಆ ಪದವನ್ನು ಹಾಗೆ ಎತ್ತಿಕೊಂಡಿರಲಿಲ್ಲ" ಎನ್ನುತ್ತಾರೆ. ಗ್ರೇಟ್‌ಫುಲ್ ಡೆಡ್ ತಂಡದ ಹಿಂದೆ ಹೋದವರ ಉತ್ತರವೂ ಇದೇ. ಇಂದು ಯಾವ ಹಾಡು, ಯಾವುದರ ಬೆನ್ನಿಗೆ ಯಾವುದು ಎಂಬುದನ್ನು ಅವರು ಮೊದಲೇ ಗೊತ್ತುಮಾಡಿ ರಂಗಕ್ಕೆ ಬರುತ್ತಿರಲಿಲ್ಲ. 'ಡಾರ್ಕ್ ಸ್ಟಾರ್' ಎಂಬ ಹಾಡು 1968ರ ಮುದ್ರಿಕೆಯಲ್ಲಿ ಮೂರು ನಿಮಿಷವೂ ಇಲ್ಲ. ಮರುವರ್ಷ ಬಂದ 'ಲೈವ್ ಡೆಡ್' ಎಂಬ ಧ್ವನಿಮುದ್ರಿಕೆಯಲ್ಲಿ ಅದೇ ಹಾಡು ಇಪ್ಪತ್ತಮೂರು ನಿಮಿಷದಷ್ಟು ಬೆಳೆದಿದೆ. ಒಂದು ಪಲ್ಲವಿಯನ್ನು ಹಿಡಿದು ಮನೋಧರ್ಮದಿಂದ ಬೆಳೆಸುವುದು ನಮಗೆ ಪರಕೀಯವಾದ ವಿದ್ಯೆಯೆ? ಕೂದಲಿನ ಉದ್ದ ನೋಡಿ ಸಂಗೀತದ ತೂಕ ಹೇಳುವವರೊಡನೆ ಇದಕ್ಕಿಂತ ಹೆಚ್ಚು ವಾದ ಮಾಡಬೇಕಾಗಿಲ್ಲ.

ಇನ್ನು ಶಿಷ್ಯನ ಪ್ರಶ್ನೆ. ಗ್ರೇಟ್‌ಫುಲ್ ಡೆಡ್ ಭಾರತಕ್ಕೆ ಎಂದೂ ಬರಲಿಲ್ಲ. ನಾನಾಗಿಯೇ ಅಲ್ಲಿಗೆ ಹೋಗುವ ಅನುಕೂಲ ಒಬ್ಬ ಶಾಲಾಮಾಸ್ತರನಿಗೆ ಇರಲಿಲ್ಲ. ನನಗೆ ಅವರು ಸಿಕ್ಕಿದ್ದು ನನ್ನ ಅಕ್ಕನ ಮಗನಿಂದ. ಅವನು 1984ರಲ್ಲಿ ಓದಲೆಂದು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದ. ಮೂರು ವರ್ಷದ ಮೇಲೆ ಊರಿಗೆ ಬಂದಾಗ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ನಲವತ್ತು ಕ್ಯಾಸೆಟ್ ತಂದುಕೊಟ್ಟ. ಒಂದರ ಮೇಲೂ ಕಂಪನಿಯ ಚಿತ್ರವಿಲ್ಲ, ಬೆಲೆಯ ಚೀಟಿಯಿಲ್ಲ. ಪುಟ್ಟ ಅಕ್ಷರಗಳಲ್ಲಿ ತಾರೀಖು, ಊರು, ಹಾಡುಗಳ ಅನುಕ್ರಮ, ಧ್ವನಿಮುದ್ರಿಸಿದ ರೀತಿ, ಎಷ್ಟನೆಯ ಪ್ರತಿ ಎಂಬ ವಿವರ. 'ಬರ್ಕ್ಲಿ, ಗ್ರೀಕ್ ಥಿಯೇಟರ್, ಜೂನ್ 1985' ಎಂಬುದು ನಾನು ಕೇಳಿದ ಮೊದಲನೆಯದು. "ಮಾವ, ನಿಧಾನಕ್ಕೆ ಕೇಳಿ. ಯಾರಾದರೂ ಕೇಳಿದರೆ ಪ್ರತಿ ಮಾಡಿಕೊಡಿ. ದುಡ್ಡು ಮಾತ್ರ ತೆಗೆದುಕೊಳ್ಳಬಾರದು" ಎಂದ. ಏಕೆಂದು ಕೇಳಿದ್ದಕ್ಕೆ, "ಅದು ನಮ್ಮಲ್ಲಿ ನಿಯಮ" ಎಂದ. ಯಾರು ಮಾಡಿದ ನಿಯಮ, ಯಾವ ಪೊಲೀಸರು ಅದನ್ನು ಕಾಯುತ್ತಾರೆ ಎಂಬುದು ಅವನಿಗೂ ಗೊತ್ತಿರಲಿಲ್ಲ. ನಿಯಮ ಮಾತ್ರ ಗೊತ್ತಿತ್ತು.

ಆ ನಿಯಮದ ಕಥೆ ಹೀಗಿದೆ. 1970ರ ದಶಕದ ಆರಂಭದಲ್ಲಿ ಕೆಲವು ಕೇಳುಗರು ಧ್ವನಿಮುದ್ರಣ ಯಂತ್ರಗಳನ್ನು ಅಡಗಿಸಿಕೊಂಡು ಕಛೇರಿಗಳಿಗೆ ಹೋಗತೊಡಗಿದರು. ಬೇರೆ ತಂಡಗಳವರು ಇಂಥವರನ್ನು ಹಿಡಿದು ಹೊರಹಾಕುತ್ತಿದ್ದ ಕಾಲವದು. ಇವರು ಕ್ರಮೇಣ ಕಂಡೂ ಕಾಣದಂತಿದ್ದರು. ನುಡಿಸಿ ಮುಗಿದ ಮೇಲೆ ಅದು ಕೇಳಿದವರದು ಎಂಬುದು ಗಾರ್ಸಿಯಾ ಅವರ ನಿಲುವು. 1984ರ ಅಕ್ಟೋಬರಿನಲ್ಲಿ ಬರ್ಕ್ಲಿಯ ಒಂದು ಕಛೇರಿಯಿಂದ ಮೊದಲುಗೊಂಡು ಧ್ವನಿಮುದ್ರಿಸುವವರಿಗೆಂದೇ ಸಭಾಂಗಣದಲ್ಲಿ ಪ್ರತ್ಯೇಕ ಜಾಗ ಕೊಟ್ಟರು. ಎತ್ತರದ ಕೋಲುಗಳ ತುದಿಯಲ್ಲಿ ಜೋಡಿ ಮೈಕುಗಳನ್ನು ಕಟ್ಟಿ, ಕೆಳಗೆ ಯಂತ್ರದ ಮುಂದೆ ಜನ ಕುಳಿತಿರುತ್ತಿದ್ದರು. ಸ್ವಂತ ಮೈಕು ಇಲ್ಲದವನು ಪಕ್ಕದವನ ಯಂತ್ರದಿಂದ ತನ್ನದಕ್ಕೆ ತಂತಿ ಎಳೆದುಕೊಳ್ಳುತ್ತಿದ್ದ. ಕ್ಯಾಸೆಟ್ಟಿನ ಒಂದು ಮಗ್ಗುಲು ನಲವತ್ತೈದು ನಿಮಿಷಕ್ಕೆ ಮುಗಿಯುತ್ತದೆ. ಹಾಡಿನ ನಡುವೆ ತಿರುಗಿಸಬೇಕಾಗಿ ಬಂದರೆ ಆ ಕ್ಷಣ ಶಾಶ್ವತವಾಗಿ ಹೋಯಿತು. ಆದ್ದರಿಂದ ಇಡೀ ರಾತ್ರಿ ಗಡಿಯಾರದ ಮೇಲೆ ಒಂದು ಕಣ್ಣು. ಎಲ್ಲರೂ ಕುಣಿಯುವಾಗ ಕುಣಿಯದೆ, ಕೂಗುವಾಗ ಕೂಗದೆ, ನಾಳೆ ಕೇಳುವ ಅಪರಿಚಿತನೊಬ್ಬನಿಗಾಗಿ ಅವರು ಮೌನವಾಗಿ ಕುಳಿತಿದ್ದರು.

ಮನೆಗೆ ಬಂದ ಮೇಲೆ ಪ್ರತಿ ಮಾಡುವ ಕೆಲಸ. ಹೊಸಬನೊಬ್ಬ ಖಾಲಿ ಕ್ಯಾಸೆಟ್ ಮತ್ತು ಮರುಟಪಾಲಿನ ಅಂಚೆವೆಚ್ಚ ಕಳಿಸಿದರೆ ಸಾಕು, ಹಳಬ ತುಂಬಿಸಿ ಕಳಿಸುತ್ತಿದ್ದ. ಅವನಿಂದ ನಾಲ್ವರಿಗೆ, ಆ ನಾಲ್ವರಿಂದ ಹದಿನಾರು ಮಂದಿಗೆ. ಆದರೆ ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿಯುವಾಗ ಪ್ರತಿ ಸಲವೂ ಉಸ್ಸೆನ್ನುವ ಸದ್ದು ಹೆಚ್ಚುತ್ತದೆ, ನಾದ ಮಸುಕಾಗುತ್ತದೆ. ಹಾಗಾಗಿ ಎಷ್ಟನೆಯ ತಲೆಮಾರಿನ ಪ್ರತಿ ಎಂದು ಬರೆದಿಡುವ ಶಿಸ್ತು ಬೆಳೆಯಿತು. ಇದನ್ನು ಕೇಳಿ ನನಗೆ ಹಳಗನ್ನಡ ಕಾವ್ಯಗಳ ಸಂಪಾದನೆ ನೆನಪಾಯಿತು. ಓಲೆಯಿಂದ ಓಲೆಗೆ ಇಳಿಯುವಾಗ ಲಿಪಿಕಾರನ ಕೈತಪ್ಪಿನಿಂದ ಪಾಠ ಕೆಡುತ್ತದೆ. ಸಂಪಾದಕರು ಯಾವ ಪ್ರತಿ ಯಾವುದರಿಂದ ಹುಟ್ಟಿತೆಂದು ಹುಡುಕುತ್ತ ಮೂಲದ ಕಡೆಗೆ ನಡೆಯುತ್ತಾರೆ. ಡೆಡ್‌ಹೆಡ್ ಎಂದು ಹಾಸ್ಯಕ್ಕೊಳಗಾದ ಜನ ಯಾವ ವಿಶ್ವವಿದ್ಯಾನಿಲಯದ ನೆರವೂ ಇಲ್ಲದೆ ಇದನ್ನೇ ಮಾಡಿದರು.

ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಯಿಸಿ ಹಂಚಿದಳೆಂದು ಪಾಠ ಹೇಳುವಾಗ ನಾವು ಮಾಸ್ತರರು ಉಬ್ಬಿ ಮಾತಾಡುತ್ತೇವೆ. ಹಾಗಾದರೆ ಅತ್ತಿಮಬ್ಬೆ ಪೊನ್ನನ ಗಿರಾಕಿಯೆ? ಅವಳು ಆ ಕಾವ್ಯದ ಆಯುಷ್ಯಕ್ಕೆ ಹೊಣೆಯಾದವಳು. ಪ್ರೀತಿಸಿದ್ದನ್ನು ತನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕದೆ ಸಾವಿರ ಕೈಗಳಿಗೆ ದಾಟಿಸಿದಳು. ನನ್ನ ಶಿಷ್ಯನಿಗೆ ನಾನು ಕೊಟ್ಟ ಉತ್ತರವೂ ಇದೇ: ನಾನು ಅವರಿಂದ ಏನನ್ನೂ ಕೊಳ್ಳಲಿಲ್ಲ, ನಿಜ. ಆದರೆ ಆ ನಲವತ್ತು ಕ್ಯಾಸೆಟ್ಟುಗಳಿಂದ ಎಷ್ಟೋ ಮಂದಿಗೆ ಪ್ರತಿ ಮಾಡಿ ಕೊಟ್ಟೆ. ಯಾರಿಂದಲೂ ಒಂದು ಕಾಸು ಮುಟ್ಟಲಿಲ್ಲ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪವಿದೆ. 'ಎಲ್ಲರೂ ಪುಕ್ಕಟೆ ಕೇಳಿದರೆ ಕಲಾವಿದನ ಹೊಟ್ಟೆಗೇನು?' ಎಂಬುದು. ಕದ್ದು ಮುದ್ರಿಸಿ ಮಾರುವುದನ್ನು ನಾನು ಸಮರ್ಥಿಸುತ್ತಿಲ್ಲ, ಅದು ಕಳ್ಳತನವೇ. ಇಲ್ಲಿ ಹಂಚಿಕೆಯಾದದ್ದು ನುಡಿಸಿದವರ ಒಪ್ಪಿಗೆಯಿಂದ, ಮಾರಬಾರದೆಂಬ ಕಟ್ಟಿನೊಳಗೆ. ಅದರ ಫಲವನ್ನು ನೋಡಿ. ಪುಕ್ಕಟೆ ಕೇಳಿದವರೇ ಮುಂದೆ ಟಿಕೇಟು ಕೊಂಡು ಸಭಾಂಗಣ ತುಂಬಿಸಿದರು. ತಂಡವು 1983ರಿಂದ ಅಂಚೆಯ ಮೂಲಕ ತಾನೇ ಟಿಕೇಟು ಮಾರತೊಡಗಿತು. ನಡುವಿನ ದಲ್ಲಾಳಿ ತಪ್ಪಿದ. ಇನ್ನೂ ಮುಂದಿನ ಮಾತೆಂದರೆ, 2024ರ ಫೆಬ್ರವರಿಯಲ್ಲಿ ಗ್ರೇಟ್‌ಫುಲ್ ಡೆಡ್ ತಂಡದ 59ನೆಯ ಆಲ್ಬಮ್ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ನಲವತ್ತರೊಳಗೆ ಬಂದಿತು. 58 ಆಲ್ಬಮ್‌ಗಳ ಎಲ್ವಿಸ್ ಪ್ರೀಸ್ಲಿ ಮತ್ತು ಫ್ರಾಂಕ್ ಸಿನಾತ್ರಾ ಅವರನ್ನು ಅದು ಹಿಂದಿಕ್ಕಿತು. ಗಾರ್ಸಿಯಾ ತೀರಿಕೊಂಡು ಇಪ್ಪತ್ತೆಂಟು ವರ್ಷಗಳ ಮೇಲೆ ನಡೆದದ್ದಿದು. ಆ ಆಲ್ಬಮ್‌ಗಳಲ್ಲಿ ಬಹುಪಾಲು ಹಳೆಯ ಕಛೇರಿಗಳ ಧ್ವನಿಮುದ್ರಣಗಳೇ. ಹಂಚಿದ್ದರಿಂದ ಬೆಲೆ ಇಳಿಯಲಿಲ್ಲ. ಕೇಳುವ ಕಿವಿಗಳು ತಲೆಮಾರಿನಿಂದ ತಲೆಮಾರಿಗೆ ಉಳಿದವು.

ಅಭಿಮಾನಿಗಳು ಕಾಪಾಡಿದ್ದು ತಾವು ಮುದ್ರಿಸಿದ್ದನ್ನಷ್ಟೇ ಅಲ್ಲ. ತಂಡದ ಧ್ವನಿತಜ್ಞೆ ಬೆಟ್ಟಿ ಕ್ಯಾಂಟರ್ ಜಾಕ್ಸನ್ 1970ರ ದಶಕದಲ್ಲಿ ಮಾಡಿದ ಅಪೂರ್ವ ಧ್ವನಿಮುದ್ರಣಗಳಿದ್ದವು. ಬಾಡಿಗೆ ಕೊಡಲಾಗದೆ ಗೋದಾಮಿನಲ್ಲಿ ಉಳಿದ ಅವರ ಸಾಮಾನು 1986ರಲ್ಲಿ ಹರಾಜಾದಾಗ ನೂರಾರು ಸುರುಳಿಗಳು ಯಾರ ಯಾರದೋ ಕೈ ಸೇರಿದವು. ಕೆಲವಕ್ಕೆ ಬೂಷ್ಟು ಹಿಡಿದಿತ್ತು. ಅವನ್ನು ಒರೆಸಿ, ಒಣಗಿಸಿ, ಮರುಮುದ್ರಿಸಿ ಜನರ ನಡುವೆ ಬಿಟ್ಟವರು ಅಭಿಮಾನಿಗಳೇ. 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾನಿಲಯದ ಬಾರ್ಟನ್ ಹಾಲಿನಲ್ಲಿ ನಡೆದ ಕಛೇರಿ ಹೀಗೆ ಕೈಯಿಂದ ಕೈಗೆ ದಾಟಿ ಪ್ರಸಿದ್ಧವಾಯಿತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ರಾಷ್ಟ್ರೀಯ ಧ್ವನಿಮುದ್ರಣಗಳ 2011ರ ಪಟ್ಟಿಗೆ ಅದನ್ನು ಸೇರಿಸಿತು. ಕಂಪನಿಯು ಅದನ್ನು ಅಧಿಕೃತವಾಗಿ ಹೊರತಂದದ್ದು 2017ರಲ್ಲಿ. ಎಂದರೆ, ಪೇಟೆಯಲ್ಲಿ ಸಿಗುವುದಕ್ಕೆ ಎಷ್ಟೋ ಮೊದಲೇ ದೇಶದ ಸ್ವತ್ತೆಂದು ಮಾನ್ಯವಾದ ಸಂಗೀತವದು. ಡಿಕ್ ಲಾಟ್‌ವಾಲಾ ಎಂಬ ಮತ್ತೊಬ್ಬರ ಕಥೆಯೂ ಇಂಥದೇ. ಕ್ಯಾಸೆಟ್ ಸಂಗ್ರಹದ ಹುಚ್ಚಿನಿಂದ ತೊಡಗಿದ ಈ ಅಭಿಮಾನಿಯನ್ನು ತಂಡವೇ ಕರೆದು ತನ್ನ ಧ್ವನಿಭಂಡಾರದ ಕೀಲಿ ಕೊಟ್ಟಿತು. 1993ರಿಂದ ಅವರು ಆರಿಸಿಕೊಟ್ಟ ಕಛೇರಿಗಳು 'ಡಿಕ್ಸ್ ಪಿಕ್ಸ್' ಎಂಬ ಮಾಲೆಯಾಗಿ ಬಂದವು. 1999ರಲ್ಲಿ ಅವರು ತೀರಿಕೊಂಡರು.

ಪಾಲುಗಾರಿಕೆಯ ನಿಜವಾದ ಪರೀಕ್ಷೆ ನಡೆದದ್ದು 2005ರ ನವೆಂಬರಿನಲ್ಲಿ. ಅಷ್ಟರಲ್ಲಿ ಕ್ಯಾಸೆಟ್ಟಿನ ಕಾಲ ಮುಗಿದಿತ್ತು. ಸಾವಿರಾರು ಕಛೇರಿಗಳ ಧ್ವನಿಮುದ್ರಣಗಳು ಇಂಟರ್ನೆಟ್ ಆರ್ಕೈವ್ ಎಂಬ ಲಾಭೋದ್ದೇಶವಿಲ್ಲದ ಜಾಲಭಂಡಾರದಲ್ಲಿ ಎಲ್ಲರಿಗೂ ಪುಕ್ಕಟೆ ಸಿಗುತ್ತಿದ್ದವು. ಒಂದು ದಿನ ತಂಡದ ಕಡೆಯವರ ಕೋರಿಕೆಯಂತೆ ಅವನ್ನು ಇಳಿಸಿಕೊಳ್ಳುವ ಸೌಲಭ್ಯವನ್ನು ಹಿಂತೆಗೆದುಕೊಳ್ಳಲಾಯಿತು. ಗಿರಾಕಿಯಾಗಿದ್ದರೆ ಸುಮ್ಮನೆ ಬೇರೆ ಅಂಗಡಿಗೆ ಹೋಗುತ್ತಿದ್ದ. ಭಕ್ತನಾಗಿದ್ದರೆ ದೇವರ ಚಿತ್ತವೆಂದು ಕೈಮುಗಿಯುತ್ತಿದ್ದ. ಡೆಡ್‌ಹೆಡ್‌ಗಳು ಎರಡನ್ನೂ ಮಾಡಲಿಲ್ಲ. ತಂಡದ ಸರಕನ್ನೇ ಬಹಿಷ್ಕರಿಸುತ್ತೇವೆಂದು ಮನವಿಪತ್ರಕ್ಕೆ ಸಹಿ ಹಾಕಿದರು. ತಂಡಕ್ಕೆ ಹಾಡು ಬರೆದುಕೊಟ್ಟ ಜಾನ್ ಪೆರ್ರಿ ಬಾರ್ಲೋ ಅವರೇ ಆ ನಿರ್ಧಾರವನ್ನು ಬಹಿರಂಗವಾಗಿ ಖಂಡಿಸಿದರು. ಕೆಲವೇ ದಿನಗಳಲ್ಲಿ ರಾಜಿಯಾಯಿತು. ಕೇಳುಗರು ಮಾಡಿದ ಧ್ವನಿಮುದ್ರಣಗಳು ಮೊದಲಿನಂತೆ ಎಲ್ಲರಿಗೂ ದೊರೆತವು. ತಂಡದ ಧ್ವನಿಫಲಕದಿಂದ ನೇರವಾಗಿ ತೆಗೆದ ಮುದ್ರಣಗಳನ್ನು ಅಲ್ಲಿಯೇ ಕೇಳಬಹುದು, ಇಳಿಸಿಕೊಳ್ಳುವಂತಿಲ್ಲ ಎಂದಾಯಿತು. ಈ ರಾಜಿ ನ್ಯಾಯವಾದದ್ದೆಂದೇ ನಾನು ತಿಳಿಯುತ್ತೇನೆ. ತಂಡದ ಉಪಕರಣದಿಂದ ಬಂದದ್ದರ ಮೇಲೆ ತಂಡದ ಅಧಿಕಾರ, ಕೇಳುಗನ ಮೈಕಿನಿಂದ ಬಂದದ್ದರ ಮೇಲೆ ಕೇಳುಗರ ಅಧಿಕಾರ. ಆದರೆ ಗದರಿಸಿ ಕೇಳದೆ ಇದ್ದಿದ್ದರೆ ಈ ನ್ಯಾಯ ದೊರೆಯುತ್ತಿರಲಿಲ್ಲ. ಮೆಚ್ಚಿದವರನ್ನು ಪ್ರಶ್ನಿಸಲಾರದ ಪ್ರೀತಿಗೆ ಅಭಿಮಾನವೆಂಬ ಹೆಸರು ಸಲ್ಲುವುದಿಲ್ಲ.

ಡೆಡ್‌ಹೆಡ್‌ಗಳೆಲ್ಲ ಸಾಧುಸಂತರೆಂದು ನಾನು ಹೇಳುವುದಿಲ್ಲ. ಆ ತಂಡದ ಸುತ್ತ ಮಾದಕದ್ರವ್ಯಗಳ ದಟ್ಟ ಹೊಗೆಯಿತ್ತು. ಅದು ಎಷ್ಟೋ ಬದುಕುಗಳನ್ನು ನುಂಗಿತು, ಗಾರ್ಸಿಯಾ ಅವರ ಆರೋಗ್ಯವನ್ನೂ ಕೆಡಿಸಿತು. 1995ರ ಜುಲೈ 2ರಂದು ಇಂಡಿಯಾನಾದ ಡೀರ್ ಕ್ರೀಕ್‌ನಲ್ಲಿ ಟಿಕೇಟಿಲ್ಲದ ಸಾವಿರಾರು ಜನ ಬೇಲಿ ಮುರಿದು ಒಳನುಗ್ಗಿದರು. ಮರುದಿನದ ಕಛೇರಿಯನ್ನೇ ರದ್ದುಮಾಡಬೇಕಾಯಿತು. ತಂಡದವರು ಅಭಿಮಾನಿಗಳಿಗೆ ನಿಷ್ಠುರವಾದ ಪತ್ರ ಬರೆದರು. ಅದಾದ ಒಂದೇ ವಾರಕ್ಕೆ, ಜುಲೈ 9ರಂದು, ಷಿಕಾಗೋದಲ್ಲಿ ಅವರ ಕೊನೆಯ ಕಛೇರಿ ನಡೆಯಿತು. ಬೇಲಿ ಮುರಿದವರೂ ತಮ್ಮನ್ನು ಅಭಿಮಾನಿಗಳೆಂದೇ ಕರೆದುಕೊಂಡರು. ನನ್ನ ದೃಷ್ಟಿಯಲ್ಲಿ ಅವರದೂ ಗಿರಾಕಿಯ ಬುದ್ಧಿಯೇ. ದುಡ್ಡು ಕೊಡದ ಗಿರಾಕಿ, ಅಷ್ಟೆ. 'ನನಗೆ ಬೇಕು, ಆದ್ದರಿಂದ ನನಗೆ ಸಿಗಬೇಕು' ಎಂಬುದರ ಆಚೆಗೆ ಅವನ ಯೋಚನೆ ಹೋಗುವುದಿಲ್ಲ. ಒಳಗೆ ಕುಳಿತು ಗಡಿಯಾರ ನೋಡುತ್ತ ಕ್ಯಾಸೆಟ್ ತಿರುಗಿಸುತ್ತಿದ್ದವನಿಗೂ ಇವನಿಗೂ ಎಲ್ಲಿಯ ಸಂಬಂಧ?

ಈಗ ಬೇಲಿ ಮುರಿಯುವವರು ಕಡಿಮೆ. ಬೇಲಿಯನ್ನು ಎತ್ತರಿಸುವವರು ಹೆಚ್ಚು. 2022ರ ಜುಲೈಯಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ ಕಛೇರಿಗಳಿಗೆ ಟಿಕೇಟು ಮಾರಲು ತೊಡಗಿದಾಗ, ಬೇಡಿಕೆಯನ್ನು ನೋಡುತ್ತ ಬೆಲೆಯನ್ನು ಏರಿಸುವ ಗಣಕದ ಏರ್ಪಾಟಿನಿಂದಾಗಿ ಕೆಲವು ಆಸನಗಳ ಬೆಲೆ ಐದು ಸಾವಿರ ಡಾಲರಿನವರೆಗೂ ಹೋಯಿತು. ಅಂಥ ಟಿಕೇಟುಗಳ ಪಾಲು ಚಿಕ್ಕದೆಂದು ಸಮಜಾಯಿಷಿ ಬಂತು. ಆದರೆ 1980ರಿಂದ ಅವರ ಸಂಗೀತಕ್ಕೆಂದೇ ಮೀಸಲಾಗಿದ್ದ 'ಬ್ಯಾಕ್‌ಸ್ಟ್ರೀಟ್ಸ್' ಎಂಬ ಅಭಿಮಾನಿಗಳ ಪತ್ರಿಕೆ ಇದರಿಂದ ಮನನೊಂದು 2023ರ ಫೆಬ್ರವರಿಯಲ್ಲಿ ಬಾಗಿಲು ಹಾಕಿತು. ನಲವತ್ತಮೂರು ವರ್ಷ ನಡೆದ ಪತ್ರಿಕೆ. ದುಡಿಯುವ ಜನರ ಬದುಕನ್ನು ಹಾಡಿದವರೆಂದು ಯಾರನ್ನು ಮೆಚ್ಚಿದ್ದರೋ ಅವರ ಕಛೇರಿಯೊಳಗೆ ದುಡಿಯುವ ಜನ ಕಾಲಿಡಲಾರರೆಂದು ತೋರಿದಾಗ ಆ ಸಂಪಾದಕರ ಲೇಖನಿ ನಿಂತಿತು. 2024ರ ಆಗಸ್ಟ್ 31ರಂದು ಇಂಗ್ಲೆಂಡಿನಲ್ಲಿ ಓಯಸಿಸ್ ತಂಡದ ಟಿಕೇಟಿಗಾಗಿ ಜನ ಗಣಕದ ಮುಂದೆ ಗಂಟೆಗಟ್ಟಲೆ ಸರತಿಯಲ್ಲಿ ಕಾದರು. ನಿಂತು ನೋಡುವ ಜಾಗಕ್ಕೆ ಸುಮಾರು 150 ಪೌಂಡ್ ಎಂದು ಕಾದವರಲ್ಲಿ ಎಷ್ಟೋ ಮಂದಿಗೆ ತಮ್ಮ ಸರತಿ ಬಂದಾಗ ಕಂಡದ್ದು 350 ಪೌಂಡಿಗೂ ಮೀರಿದ ಬೆಲೆ. ಎರಡು ದರಗಳಿವೆಯೆಂದು ಸರತಿಯಲ್ಲಿ ನಿಂತವರಿಗೆ ಸರಿಯಾಗಿ ತಿಳಿಸಿರಲಿಲ್ಲ. ಅಲ್ಲಿನ ಸ್ಪರ್ಧಾ ಪ್ರಾಧಿಕಾರ ವಿಚಾರಣೆ ನಡೆಸಬೇಕಾಯಿತು.

ಬೇಡಿಕೆ ಹೆಚ್ಚಿದರೆ ಬೆಲೆ ಏರುವುದು ಸಹಜ, ಕಂಪನಿ ಏರಿಸದಿದ್ದರೆ ಕಾಳಸಂತೆಯವನು ಏರಿಸುತ್ತಾನೆ ಎಂದು ಅರ್ಥಶಾಸ್ತ್ರ ಓದಿದವರು ನನಗೆ ಪಾಠ ಹೇಳುತ್ತಾರೆ. ಕಾಳಸಂತೆಯವನು ದೋಚುತ್ತಾನೆಂಬುದು ತಾನೇ ದೋಚಲು ಪರವಾನಗಿಯೆ? ಮೆಣಸಿನ ಬೆಲೆ ಏರಿದರೆ ನಾನು ಮೆಣಸು ಕಡಿಮೆ ಮಾಡುತ್ತೇನೆ. ನಲವತ್ತು ವರ್ಷ ಪ್ರೀತಿಸಿದ ಹಾಡುಗಾರನನ್ನು, ಬಹುಶಃ ಅವನ ಕೊನೆಯ ತಿರುಗಾಟದಲ್ಲಿ, ಒಮ್ಮೆ ನೋಡಬೇಕೆನ್ನುವವನು ಏನನ್ನು ಕಡಿಮೆ ಮಾಡುತ್ತಾನೆ? ಅವನು ಸಾಲ ಮಾಡುತ್ತಾನೆ. ಈ ವ್ಯವಸ್ಥೆ ನಿಂತಿರುವುದೇ ಆ ದೌರ್ಬಲ್ಯದ ಮೇಲೆ. ಯಾರ ಪ್ರೀತಿ ಹೆಚ್ಚೋ ಅವನಿಗೆ ಹೆಚ್ಚು ಬರೆ. ಬೇರೆ ದಾರಿಯೇ ಇಲ್ಲವೆಂಬುದೂ ಸುಳ್ಳು. 2023ರಲ್ಲಿ ಇಂಗ್ಲೆಂಡಿನ 'ದ ಕ್ಯೂರ್' ತಂಡದ ರಾಬರ್ಟ್ ಸ್ಮಿತ್ ತಮ್ಮ ಉತ್ತರ ಅಮೆರಿಕದ ಕಛೇರಿಗಳಿಗೆ ಇಂಥ ಏರುಬೆಲೆಯನ್ನು ಸಾರಾಸಗಟಾಗಿ ನಿರಾಕರಿಸಿದರು. ಟಿಕೇಟಿನ ಬೆಲೆಗಿಂತ ಮಾರಾಟ ಕಂಪನಿಯ ಶುಲ್ಕವೇ ಹೆಚ್ಚಾದದ್ದನ್ನು ಕಂಡು ಜಗಳವಾಡಿ, ಕೊಂಡವರಿಗೆ ಐದರಿಂದ ಹತ್ತು ಡಾಲರ್ ಹಿಂದಿರುಗಿಸುವಂತೆ ಮಾಡಿದರು. ಮೊತ್ತ ಸಣ್ಣದು. ಆದರೆ ಕಲಾವಿದ ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಅಷ್ಟು ಸಾಕು.

ಇಷ್ಟೆಲ್ಲ ದೂರದ ಕಥೆಯನ್ನು ಕನ್ನಡದಲ್ಲಿ ಹೇಳಿದ್ದಕ್ಕೆ ಒಂದು ಹತ್ತಿರದ ಕಾರಣವೂ ಇದೆ. ನಮ್ಮ ಕರಾವಳಿಯಲ್ಲಿ ಟೇಪ್ ರೆಕಾರ್ಡರ್ ಬಂದ ಕಾಲದಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರು, ಮಲ್ಪೆ ರಾಮದಾಸ ಸಾಮಗರು ಮುಂತಾದವರ ತಾಳಮದ್ದಳೆಗಳ ಮುಂದೆ ಯಂತ್ರವಿಟ್ಟು ಮುದ್ರಿಸಿಕೊಂಡವರು ಬಹಳ ಮಂದಿ ಇದ್ದರು. ಬರೆದಿಟ್ಟ ಮಾತಲ್ಲ ಅದು. ಆ ರಾತ್ರಿ ಹುಟ್ಟಿ ಆ ರಾತ್ರಿಯೇ ಮುಗಿಯುವ ಅರ್ಥಗಾರಿಕೆ. ಅದಕ್ಕೆ ಆ ಕ್ಯಾಸೆಟ್ಟೇ ಓಲೆಗರಿ. ಆದರೆ ನಮ್ಮಲ್ಲಿ ಎಷ್ಟೋ ಜನ ಅದನ್ನು ಆಸ್ತಿಪತ್ರದಂತೆ ಕಪಾಟಿನಲ್ಲಿಟ್ಟರು. ನಾನು ಬಲ್ಲ ಹಿರಿಯರೊಬ್ಬರಲ್ಲಿ ಇಂಥ ದೊಡ್ಡ ಸಂಗ್ರಹವಿತ್ತು. ಪ್ರತಿ ಕೇಳಿಕೊಂಡು ಮೂರು ಬಾರಿ ಅವರ ಮನೆಗೆ ಹೋದೆ. "ಇದು ಬೇರೆ ಯಾರಲ್ಲಿಯೂ ಇಲ್ಲ ಮಾಸ್ಟ್ರೇ, ಕೊಟ್ಟರೆ ಎಲ್ಲರಲ್ಲಿಯೂ ಇದ್ದ ಹಾಗಾಗುತ್ತದೆ" ಎಂದು ಮೂರು ಬಾರಿಯೂ ಚಹಾ ಕೊಟ್ಟು ಕಳಿಸಿದರು. ಅವರು ಹೋದ ಮೇಲೆ ಮನೆಯವರು ಗುಜರಿಯವನಿಗೆ ತೂಕಕ್ಕೆ ಹಾಕಿದರೆಂದು ಕೇಳಿದೆ. ಯಾರಲ್ಲಿಯೂ ಇಲ್ಲವೆಂಬ ಅವರ ಹೆಮ್ಮೆ ಅಕ್ಷರಶಃ ನಿಜವಾಯಿತು. ಇನ್ನೊಂದು ಕಡೆ, ಯಾರೋ ಕಷ್ಟಪಟ್ಟು ಉಳಿಸಿದ ಧ್ವನಿಗೆ ತಮ್ಮ ಹೆಸರಿನ ಮುದ್ರೆಯೊತ್ತಿ ಜಾಲತಾಣಕ್ಕೇರಿಸಿ ಜಾಹೀರಾತಿನ ದುಡ್ಡು ಎಣಿಸುವವರಿದ್ದಾರೆ. ಬಚ್ಚಿಟ್ಟವನೂ ಮಾರಿದವನೂ ಒಂದೇ ನಾಣ್ಯದ ಲೆಕ್ಕದಲ್ಲಿ ಕಲೆಯನ್ನು ಎಣಿಸಿದವರು.

ಆದ್ದರಿಂದ ಅಭಿಮಾನಿಯನ್ನು ಅಳೆಯುವ ಪ್ರಶ್ನೆಗಳನ್ನೇ ನಾವು ಬದಲಾಯಿಸಬೇಕು. ಎಷ್ಟು ಖರ್ಚು ಮಾಡಿದೆ, ಎಷ್ಟು ಹತ್ತಿರ ನಿಂತು ನೋಡಿದೆ, ಯಾರೊಡನೆ ಚಿತ್ರ ತೆಗೆಸಿಕೊಂಡೆ ಎಂದು ಕೇಳುವುದು ಸಾಕು. ಎಷ್ಟು ಕಿವಿಗೊಟ್ಟು ಕೇಳಿದೆ, ಏನನ್ನು ಉಳಿಸಿದೆ, ಯಾರಿಗೆ ಕೊಟ್ಟೆ, ನೀನು ಮೆಚ್ಚಿದವರು ದಾರಿ ತಪ್ಪಿದಾಗ ಬಾಯಿ ಬಿಟ್ಟೆಯಾ ಎಂದು ಕೇಳೋಣ. ಹಾಗೆ ಕೇಳಿದರೆ ಐದು ಸಾವಿರ ಡಾಲರ್ ಕೊಟ್ಟು ಮೊದಲ ಸಾಲಿನಲ್ಲಿ ಕುಳಿತವನಿಗಿಂತ, ಖಾಲಿ ಕ್ಯಾಸೆಟ್ಟಿಗೆ ಹಾಡು ತುಂಬಿಸಿ ಗುರುತಿಲ್ಲದವನಿಗೆ ಅಂಚೆಯಲ್ಲಿ ಕಳಿಸಿದವನು ದೊಡ್ಡ ಅಭಿಮಾನಿಯಾಗಿ ಕಾಣುತ್ತಾನೆ. ಕಲಾವಿದರಿಗೂ ಒಂದು ಮಾತು: ನಿಮ್ಮ ಹೆಸರಿನಲ್ಲಿ ಇಂಥವರ ಜೇಬಿಗೆ ಕೈಹಾಕುವವರಿಗೆ ಅನುಮತಿಯ ಸಹಿ ಹಾಕುವ ಮುನ್ನ, ನಿಮ್ಮ ಕಾಲಾನಂತರ ನಿಮ್ಮ ಹಾಡನ್ನು ಕಾಯುವವರು ಯಾರೆಂದು ಯೋಚಿಸಿ. ಕಂಪನಿಯ ಗೋದಾಮಿನ ಬಾಡಿಗೆ ಒಂದು ದಿನ ನಿಲ್ಲುತ್ತದೆ.

ಓದುಗರಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ಹಳೆಯ ಕ್ಯಾಸೆಟ್ಟುಗಳ ಪೆಟ್ಟಿಗೆಯಿದ್ದರೆ, ಅದರಲ್ಲಿರುವುದು ತಾಳಮದ್ದಳೆಯಾಗಲಿ, ಭಜನೆಯಾಗಲಿ, ಅಜ್ಜಿಯ ಶೋಭಾನೆಯಾಗಲಿ, ದಯವಿಟ್ಟು ಕೆಳಗಿಳಿಸಿ ನೋಡಿ. ಕಾಂತಪಟ್ಟಿಗೆ ಆಯುಷ್ಯ ಬಹಳವಿಲ್ಲ, ನಮ್ಮ ಮಳೆಗಾಲದ ತೇವಕ್ಕಂತೂ ಅದು ತಡೆಯದು. ತಿಳಿದವರಿಂದ ಗಣಕಕ್ಕೆ ಇಳಿಸಿಕೊಂಡು ಕೇಳಿದವರಿಗೆ ಕೊಡಿ. ತಾರೀಖು, ಊರು, ಅರ್ಥಧಾರಿಗಳ ಹೆಸರು, ಮುದ್ರಿಸಿದವರ ಹೆಸರು ಬರೆದಿಡುವುದನ್ನು ಮಾತ್ರ ಮರೆಯಬೇಡಿ. ದುಡ್ಡು ತೆಗೆದುಕೊಳ್ಳಬೇಡಿ.